ಟಿಬೆಟಿನ ಅಕ್ಷರ, ಭೀಮೆಯ ಮಾತು: ಓದುಗರ ಪ್ರಶ್ನೆಗಳಿಗೆ ಉತ್ತರ

ಟಿಬೆಟಿನ ಸಂಸ್ಕೃತಿ ಮತ್ತು ಅದು ಕಾಪಾಡಿಕೊಂಡು ಬಂದ ಬೌದ್ಧ ಗ್ರಂಥಗಳ ಬಗ್ಗೆ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇವೆ. ಪತ್ರಗಳ ಭಾಷೆಯನ್ನು ಬರೆದವರು ಬರೆದಂತೆಯೇ ಬಿಟ್ಟಿದ್ದೇವೆ.

ಸನ್ನತಿ ನಮ್ಮೂರಿಗೆ ಹತ್ತಿರ ಅದ. ಅಲ್ಲಿ ಬೌದ್ಧ ಸ್ತೂಪ ಸಿಕ್ಕದ ಅಂತ ಎಲ್ಲಾರಿಗೂ ಗೊತ್ತು. ಆದ್ರ ಟಿಬೆಟ್ ಎಲ್ಲಿ, ಭೀಮಾ ನದಿ ಎಲ್ಲಿ? ಅವರ ಸಂಸ್ಕೃತಿ ಉಳಸೋದು ಅವರ ಕೆಲಸ ಅಲ್ಲೇನ್ರಿ? ನಮಗೇನು ಸಂಬಂಧ?
— ಓದುಗರೊಬ್ಬರು, ಚಿತ್ತಾಪುರ

ಸನ್ನತಿಯ ಮಗ್ಗುಲಲ್ಲೇ ಇರುವ ಕನಗನಹಳ್ಳಿ ಸ್ತೂಪದ ಫಲಕಗಳ ಮುಂದೆ ಇನ್ನೊಮ್ಮೆ ನಿಂತು ನೋಡಿ. 'ರಾಯ ಅಸೋಕೋ' ಎಂದು ಬ್ರಾಹ್ಮಿಯಲ್ಲಿ ಬರೆದ ಅಶೋಕನ ಫಲಕ ಹೆಸರಾದದ್ದು. ಅದೇ ಸ್ತೂಪದಲ್ಲಿ ಸಾತವಾಹನ ಅರಸರ ಶಿಲ್ಪಗಳೂ ಹೆಸರಿನ ಸಮೇತ ಇವೆ. ಆಚಾರ್ಯ ನಾಗಾರ್ಜುನರು ಒಬ್ಬ ಸಾತವಾಹನ ಅರಸನಿಗೆ ಪದ್ಯದಲ್ಲಿ ಒಂದು ಪತ್ರ ಬರೆದರೆಂದು ಬೌದ್ಧ ಪರಂಪರೆ ಹೇಳುತ್ತದೆ. 'ಸುಹೃಲ್ಲೇಖ', ಅಂದರೆ ಗೆಳೆಯನಿಗೆ ಬರೆದ ಓಲೆ, ಎಂದು ಅದರ ಹೆಸರು. ಆ ಓಲೆಯ ಸಂಸ್ಕೃತ ಮೂಲ ನಮ್ಮ ನೆಲದಲ್ಲಿ ಉಳಿಯಲಿಲ್ಲ. ಉಳಿದದ್ದು ಟಿಬೆಟನ್ ಮತ್ತು ಚೀನೀ ಅನುವಾದಗಳಲ್ಲಿ. ಸನ್ನತಿಯ ಕಲ್ಲಿನ ಮೇಲೆ ಅರಸರ ಮುಖವಿದೆ. ಅಂಥ ಒಬ್ಬ ಅರಸನಿಗೆ ಹೇಳಿದ ಮಾತು ಹಿಮಾಲಯದ ಆಚೆ ಉಳಿದಿದೆ.

ಇದು ಒಂದು ಪುಸ್ತಕದ ಕತೆಯಲ್ಲ. ಬುದ್ಧವಚನದ ಟಿಬೆಟನ್ ಸಂಗ್ರಹವಾದ ಕಾಂಗ್ಯುರ್ ನೂರಕ್ಕೂ ಹೆಚ್ಚು ಸಂಪುಟಗಳದ್ದು. ಭಾರತದ ಆಚಾರ್ಯರ ಶಾಸ್ತ್ರ, ಟೀಕೆಗಳ ಸಂಗ್ರಹ ತೆಂಗ್ಯುರ್ ಇನ್ನೂರು ಸಂಪುಟ ದಾಟುತ್ತದೆ. ಅದರಲ್ಲಿ ಬಹುಪಾಲು ಕೃತಿಗಳ ಸಂಸ್ಕೃತ ಮೂಲ ಇಂದು ಸಿಗುವುದಿಲ್ಲ. ಸೆರಾ, ಡ್ರೆಪುಂಗ್, ಗಾಂದೆನ್ ವಿಹಾರಗಳಲ್ಲಿ ಗೆಶೆ ಎಂಬ ಉನ್ನತ ವಿದ್ವತ್ ಪದವಿಗೆ ಓದುವ ಐದು ಮುಖ್ಯ ವಿಷಯಗಳ ಮೂಲ ಗ್ರಂಥಗಳನ್ನು ನೋಡಿ: ಪ್ರಮಾಣಕ್ಕೆ ಧರ್ಮಕೀರ್ತಿಯ ಪ್ರಮಾಣವಾರ್ತಿಕ, ಪ್ರಜ್ಞಾಪಾರಮಿತೆಗೆ ಮೈತ್ರೇಯನ ಅಭಿಸಮಯಾಲಂಕಾರ, ಮಧ್ಯಮಕಕ್ಕೆ ಚಂದ್ರಕೀರ್ತಿಯ ಮಧ್ಯಮಕಾವತಾರ, ಅಭಿಧರ್ಮಕ್ಕೆ ವಸುಬಂಧುವಿನ ಕೋಶ, ವಿನಯಕ್ಕೆ, ಅಂದರೆ ಭಿಕ್ಷುಗಳ ನಿಯಮಗಳಿಗೆ, ಗುಣಪ್ರಭನ ಸೂತ್ರ. ಐದೂ ಭಾರತದವು. ಆ ವಿಹಾರಗಳಾದರೂ ಈಗ ಎಲ್ಲಿವೆ? 1959ರ ನಂತರ ನಿರಾಶ್ರಿತರಾಗಿ ಬಂದವರಿಗೆ ನಮ್ಮ ರಾಜ್ಯ ಭೂಮಿ ಕೊಟ್ಟಿತು. ಸೆರಾ ಬೈಲಕುಪ್ಪೆಯಲ್ಲಿದೆ, ಉಳಿದೆರಡು ಮುಂಡಗೋಡದಲ್ಲಿವೆ. ಹಾಗಾಗಿ 'ಅವರ ಕೆಲಸ' ಎಂದು ಕೈತೊಳೆದುಕೊಂಡರೆ ನಮ್ಮ ಮನೆಯ ವಿಳಾಸಕ್ಕೇ ಬಂದ ಓಲೆಯನ್ನು ಒಡೆಯದೆ ಇಟ್ಟಂತೆ ಆಗುತ್ತದೆ.

ಮುಂಡಗೋಡದಿಂದ ತಂದ ಥಾಂಕಾ ಚಿತ್ರ ಮನ್ಯಾಗ ಹಾಲ್‌ನಾಗ ಹಾಕೀವಿ. ಎರಡು ವರ್ಷದಾಗ ಸುತ್ತ ಹೊಲಿದ ಬಟ್ಟಿ ಮ್ಯಾಲ ಬಿಳೀ ಬೂಷ್ಟು ಬಂದದ, ಚಿತ್ರದ ನೀಲಿ ಬಣ್ಣ ಸಣ್ಣಗ ಉದುರಲಿಕತ್ತದ. ಒದ್ದಿ ಬಟ್ಟಿಲೆ ಒರಸಬೇಕಂತ ಮಾಡೀವಿ. ನಡೀತದೇನ್ರಿ?
— ಗೃಹಿಣಿ, ಕಲಬುರಗಿ

ಒದ್ದೆ ಬಟ್ಟೆ ಮುಟ್ಟಿಸಲೇಬೇಡಿ. ಕಾರಣ ತಿಳಿಯಬೇಕಾದರೆ ಥಾಂಕಾ ಹೇಗೆ ಆಗುತ್ತದೆ ಎಂದು ತಿಳಿಯಬೇಕು. ಹತ್ತಿ ಬಟ್ಟೆಯನ್ನು ಮರದ ಚೌಕಟ್ಟಿಗೆ ದಾರದಿಂದ ಬಿಗಿದು ಕಟ್ಟುತ್ತಾರೆ. ಚರ್ಮ ಕುದಿಸಿ ತೆಗೆದ ಅಂಟಿಗೆ ಸುಣ್ಣದ ಕಲ್ಲಿನ ಅಥವಾ ಬಿಳಿ ಮಣ್ಣಿನ ಪುಡಿ ಕಲಸಿ ಎರಡೂ ಬದಿಗೆ ಬಳಿದು, ನುಣುಪು ಕಲ್ಲಿನಿಂದ ಉಜ್ಜಿ ಹಾಸು ಮಾಡುತ್ತಾರೆ. ಅದರ ಮೇಲೆ ಇದ್ದಿಲಿನ ಗೆರೆ, ಆಮೇಲೆ ಬಣ್ಣ. ಕಲ್ಲಿನ ಬಣ್ಣಗಳನ್ನು, ಅಂದರೆ ನೀಲಿಗೆ ಅಜುರೈಟ್, ಹಸಿರಿಗೆ ಮ್ಯಾಲಕೈಟ್, ಕೆಂಪಿಗೆ ಇಂಗಲೀಕವನ್ನು ಅರೆದು ಅದೇ ಅಂಟಿನಲ್ಲಿ ಕಲಸಿರುತ್ತಾರೆ. ಎಣ್ಣೆಯಿಲ್ಲ, ವಾರ್ನಿಷ್ ಇಲ್ಲ. ಬಣ್ಣವನ್ನು ಹಿಡಿದಿಟ್ಟಿರುವುದು ನೀರಿಗೆ ಕರಗುವ ಅಂಟು ಒಂದೇ. ಒದ್ದೆ ಬಟ್ಟೆ ತಗುಲಿದರೆ ಬಣ್ಣ ಬಟ್ಟೆಗೆ ಬರುತ್ತದೆ, ಬಂಗಾರದ ಗೆರೆಯಂತೂ ಮೊದಲ ಒರೆಸಿಗೇ ಹೋಗುತ್ತದೆ.

ನೀಲಿಯೇ ಮೊದಲು ಉದುರುವುದಕ್ಕೂ ಕಾರಣವಿದೆ. ಅಜುರೈಟನ್ನು ತೀರ ನುಣ್ಣಗೆ ಅರೆದರೆ ಬಣ್ಣ ಮಾಸುತ್ತದೆ, ಹಾಗಾಗಿ ತರಿತರಿಯಾಗಿ ಬಿಡುತ್ತಾರೆ. ದಪ್ಪ ಹರಳನ್ನು ಹಿಡಿಯಲು ಅಂಟಿಗೆ ಕಷ್ಟ. ಅದರ ಮೇಲೆ ನಮ್ಮ ಕಡೆಯ ಹವೆ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ಒಣ ಬಿಸಿಲಿಗೆ ಅಂಟು ಒಣಗಿ ಗರಿಗರಿಯಾಗುತ್ತದೆ. ಜುಲೈನಿಂದ ಸೆಪ್ಟೆಂಬರಿನ ತನಕ ತೇವ ಕುಡಿದು ಹಿಗ್ಗುತ್ತದೆ. ಬಟ್ಟೆ ಹಿಗ್ಗುವ ಅಳತೆಯೇ ಬೇರೆ, ಬಣ್ಣದ ಪದರ ಹಿಗ್ಗುವ ಅಳತೆಯೇ ಬೇರೆ. ನಡುವೆ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಕೂಲರ್ ಇಡುವವರು ಇನ್ನೊಂದು ತಪ್ಪು ಮಾಡುತ್ತಾರೆ: ಕೂಲರ್ ಗಾಳಿ ನೇರ ಬಡಿಯುವ ಗೋಡೆಗೇ ಚಿತ್ರ ತೂಗುಹಾಕುತ್ತಾರೆ. ಅದು ನೀರಿನ ಗಾಳಿ. ಮಳೆಗಾಲದ ಮೊದಲೇ ಬೂಷ್ಟು ಹಿಡಿಯಲು ಅಷ್ಟು ಸಾಕು. ಶಹಾಬಾದ್ ಕಲ್ಲಿನ ಹಳೆಯ ಗೋಡೆಯಾದರೆ ಹಿಂದಿನಿಂದಲೂ ತೇವ ಬರುತ್ತದೆ.

ಈಗ ಮಾಡಬೇಕಾದದ್ದು. ಇಬ್ಬರು ಸೇರಿ ಮೇಲಿನ, ಕೆಳಗಿನ ಕೋಲುಗಳನ್ನು ಹಿಡಿದು ಇಳಿಸಿ. ಬಣ್ಣ ಉದುರುತ್ತಿರುವಾಗ ಸುರುಳಿ ಸುತ್ತಬೇಡಿ. ಸುತ್ತಿದರೆ ಉದುರದ ಭಾಗವೂ ಸೀಳುತ್ತದೆ. ಒಗೆದು ಒಣಗಿಸಿದ, ಗಂಜಿ ಹಾಕದ ಹತ್ತಿ ಬಟ್ಟೆ ಹಾಸಿ ಮೇಜಿನ ಮೇಲೆ ಮುಖ ಮೇಲಾಗಿ ಮಲಗಿಸಿ, ನೆರಳಲ್ಲಿ, ಫ್ಯಾನಿನ ಗಾಳಿ ನೇರ ಬೀಳದಂತೆ ಮೂರು ನಾಲ್ಕು ದಿನ ಬಿಡಿ. ಬೂಷ್ಟು ಒಣಗಿ ಪುಡಿಯಾದ ಮೇಲೆ ಹೊರಗೆ ಒಯ್ದು, ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು, ಸುತ್ತಲಿನ ಜರಿ ಬಟ್ಟೆಯನ್ನು ಮಾತ್ರ ಮೆದು ಬ್ರಷ್‌ನಿಂದ ಚಿತ್ರದ ಕಡೆಯಿಂದ ಹೊರಗಡೆಗೆ ಝಾಡಿಸಿ. ಚಿತ್ರದ ಮೈಗೆ ನೀವು ಕೈ ಹಾಕಬೇಡಿ, ಅದು ಸಂರಕ್ಷಣೆ ಕಲಿತವರ ಕೆಲಸ. ಉದುರಿದ ಚೂರುಗಳಿದ್ದರೆ ಕಾಗದದ ಪೊಟ್ಟಣದಲ್ಲಿ ಎತ್ತಿಡಿ, ಅವರಿಗೆ ಬೇಕಾಗುತ್ತವೆ. ಫೆವಿಕಾಲ್ ಹಚ್ಚುವುದು, ಹಿಂದೆ ಟೇಪ್ ಅಂಟಿಸುವುದು ಬೇಡವೇ ಬೇಡ. ಬಣ್ಣದ ಕೆಳಗೆ ಹೋದ ಫೆವಿಕಾಲನ್ನು ಆಮೇಲೆ ಯಾರೂ ತೆಗೆಯಲಾರರು. ಹಿಂಬದಿಯಲ್ಲಿ ಹಣೆ, ಗಂಟಲು, ಎದೆಯ ನೇರಕ್ಕೆ ಓಂ, ಆಃ, ಹೂಂ ಎಂದು ಬರೆದಿರಬಹುದು. ಅದು ಪ್ರತಿಷ್ಠೆಯ ಗುರುತು, ಮುಚ್ಚಬಾರದು.

ಮತ್ತೆ ತೂಗುಹಾಕುವಾಗ ಒಳಗೋಡೆ ಆರಿಸಿ, ಹಿಂದೆ ಎರಡು ಬೆರಳಿನಷ್ಟು ಗಾಳಿಗೆ ಜಾಗ ಬಿಡಿ. ಊದುಬತ್ತಿ, ಎಣ್ಣೆದೀಪ ಮೂರಡಿ ದೂರವಿರಲಿ. ಹೊಗೆಯ ಜಿಡ್ಡು ಕೂತರೆ ಹೋಗುವುದಿಲ್ಲ. ತೇವ ತೋರಿಸುವ ಸಣ್ಣ ಡಿಜಿಟಲ್ ಮಾಪಕ ತಂದು ಪಕ್ಕದಲ್ಲಿಡಿ. ಅದರ ಅಂಕೆ ಶೇಕಡಾ 65 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟು ಮರಳಿ ಬರುತ್ತದೆ. ಚಿತ್ರದ ಮುಂದೆ ಇಳಿಬಿಡುವ ರೇಷ್ಮೆ ಪರದೆ ಅಲಂಕಾರಕ್ಕಲ್ಲ, ಬೆಳಕಿಗೆ ಅಡ್ಡವಾಗಿ ಹೊಲಿದದ್ದು. ನೋಡುವಾಗ ಎತ್ತಿ ಕಟ್ಟಿ, ಉಳಿದ ಹೊತ್ತು ಇಳಿಬಿಡಿ.

ಈ ಎಲ್ಲ ಕಷ್ಟ ಕೈಯಿಂದ ಬರೆದ ಚಿತ್ರಕ್ಕೆ. ಭೂತಗನ್ನಡಿ ಹಿಡಿದಾಗ ಬಣ್ಣ ಸಣ್ಣ ಸಣ್ಣ ಚುಕ್ಕೆಗಳಾಗಿ ಕಂಡರೆ ನಿಮ್ಮದು ಅಚ್ಚಿನ ಪ್ರತಿ.

ನಾನು ಕನ್ನಡ ಎಂ.ಎ. ವಿದ್ಯಾರ್ಥಿ. ಟಿಬೆಟನ್ ಬೌದ್ಧ ಗ್ರಂಥಗಳನ್ನು ಕನ್ನಡಕ್ಕೆ ತರುವ ಆಸೆ ಇದೆ. ಇಂಗ್ಲಿಷ್ ಅನುವಾದದಿಂದ ಮಾಡಿದರೆ ಸಾಕೋ, ಟಿಬೆಟನ್ ಕಲಿಯಲೇಬೇಕೋ? ಕಲಿಯುವುದಾದರೆ ಎಲ್ಲಿಂದ ಶುರು ಮಾಡಲಿ?
— ವಿದ್ಯಾರ್ಥಿ, ಕಲಬುರಗಿ

ಕಲಿಯಿರಿ. ಕನ್ನಡದವರಿಗೆ ಈ ದಾರಿ ಇಂಗ್ಲಿಷಿನವರಿಗಿಂತ ಹತ್ತಿರ, ಅದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು ಲಿಪಿ. 7ನೇ ಶತಮಾನದಲ್ಲಿ ತೊನ್ಮಿ ಸಂಭೋಟ ಭಾರತಕ್ಕೆ ಬಂದು ಕಲಿತು ಟಿಬೆಟನ್ ಲಿಪಿ ರೂಪಿಸಿದನೆಂದು ಪರಂಪರೆ ಹೇಳುತ್ತದೆ. ಕ, ಖ, ಗ, ಙ ಎಂದೇ ಶುರುವಾಗುವ 30 ವ್ಯಂಜನಗಳು, 4 ಸ್ವರಚಿಹ್ನೆಗಳು. ಬ್ರಾಹ್ಮಿಯ ವಂಶ, ನಮ್ಮ ಲಿಪಿಯ ದೂರದ ನೆಂಟ. ಅಕ್ಷರದ ಕೆಳಗೆ ಅಕ್ಷರ ಕೂರುವುದು ಒತ್ತಕ್ಷರ ಬರೆಯುವ ನಮಗೆ ಹೊಸದಲ್ಲ.

ಎಡವುವುದು ಇನ್ನೊಂದು ಕಡೆ: ಬರೆದದ್ದೆಲ್ಲ ಉಚ್ಚಾರವಾಗುವುದಿಲ್ಲ. 'ಎಂಟು' ಎಂಬ ಪದವನ್ನು ಬ, ರ, ಗ, ಯ, ದ ಎಂಬ ಐದು ಅಕ್ಷರ ಕೂಡಿಸಿ ಬರೆಯುತ್ತಾರೆ, ಓದುವುದು 'ಗ್ಯೆ' ಎಂದು. ಇಲ್ಲಿ ಗ ಮೂಲಾಕ್ಷರ. ಬ ಮುಂದೆ ಬಂದದ್ದು, ರ ತಲೆಯ ಮೇಲೆ ಕೂತದ್ದು, ಯ ಕೆಳಗೆ ಒತ್ತು, ದ ಕೊನೆಯದು. ನಿಘಂಟಿನಲ್ಲಿ ಈ ಪದವಿರುವುದು ಗ ವಿಭಾಗದಲ್ಲಿ. ಹೊಸಬರು ಬ ವಿಭಾಗದಲ್ಲಿ ಹುಡುಕಿ, ಸಿಗದೆ, ಬೇಸತ್ತು ಬಿಡುತ್ತಾರೆ. ಹಾಗಾಗಿ ಮೂಲಾಕ್ಷರ ಗುರುತಿಸುವುದನ್ನೇ ಮೊದಲು ಕಲಿಯಿರಿ: ತಲೆಯ ಮೇಲೋ ಕೆಳಗೋ ಇನ್ನೊಂದು ಅಕ್ಷರ ಹೊತ್ತದ್ದು, ಇಲ್ಲವೇ ಸ್ವರಚಿಹ್ನೆ ಪಡೆದದ್ದು ಮೂಲಾಕ್ಷರ. ಮುಂದೆ ಬರಬಲ್ಲವು ಐದೇ ಅಕ್ಷರ, ತಲೆಯ ಮೇಲೆ ಕೂರಬಲ್ಲವು ಮೂರೇ, ಕೊನೆಗೆ ನಿಲ್ಲಬಲ್ಲವು ಹತ್ತೇ. ದಿನಕ್ಕೊಂದು ಗಂಟೆ ಗಟ್ಟಿಯಾಗಿ ಓದಿದರೆ ಎರಡು ಮೂರು ತಿಂಗಳಲ್ಲಿ ಕಣ್ಣು ಪಳಗುತ್ತದೆ.

ಎರಡನೆಯದು ಪರಿಭಾಷೆ, ನಮ್ಮ ನಿಜವಾದ ಲಾಭ ಇಲ್ಲಿದೆ. 9ನೇ ಶತಮಾನದ ಆರಂಭದಲ್ಲಿ ಟಿಬೆಟಿನ ಅರಸರು ಸಂಸ್ಕೃತ ಪದಕ್ಕೆ ಇಂಥದೇ ಟಿಬೆಟನ್ ಪದ ಬಳಸಬೇಕೆಂದು ಪಂಡಿತರಿಂದ ಪಟ್ಟಿ ಮಾಡಿಸಿದರು. ಅದೇ 'ಮಹಾವ್ಯುತ್ಪತ್ತಿ'. ಹೀಗೆ ಕಟ್ಟುಪಾಡಿನಿಂದ ಅನುವಾದ ನಡೆದ ಕಾರಣ ಟಿಬೆಟನ್ ಪದ ನೋಡಿ ಹಿಂದಿರುವ ಸಂಸ್ಕೃತ ಪದವನ್ನು ಬಹುಮಟ್ಟಿಗೆ ಖಚಿತವಾಗಿ ಹೇಳಬಹುದು. 'ಡೆನ್ಪ' ಎಂದರೆ ಸ್ಮೃತಿ, 'ಶೆಶಿನ್' ಎಂದರೆ ಸಂಪ್ರಜನ್ಯ. ಇಂಗ್ಲಿಷಿನಿಂದ ಬಂದರೆ ಎರಡಕ್ಕೂ 'ಎಚ್ಚರ' ಎಂದು ಬರೆದು ಬಿಡುತ್ತೀರಿ. ಹಿಡಿದದ್ದನ್ನು ಮರೆಯದಿರುವುದು ಮೊದಲನೆಯದು, ಮನಸ್ಸು ಈಗ ಏನು ಮಾಡುತ್ತಿದೆ ಎಂದು ನೋಡಿಕೊಳ್ಳುವುದು ಎರಡನೆಯದು. ಸಾಧಕನಿಗೆ ಆ ವ್ಯತ್ಯಾಸವೇ ಮುಖ್ಯ.

ಆದರೆ ಸಂಸ್ಕೃತ ಪದ ಸಿಕ್ಕಿತೆಂದು ನಿಶ್ಚಿಂತರಾಗಬೇಡಿ, ಅದರಲ್ಲೂ ಕಲ್ಯಾಣದ ನೆಲದಲ್ಲಿ. 'ತೊಂಗ್‌ಪ ಞಿ' ಎಂದರೆ ಶೂನ್ಯತೆ. ನಮ್ಮ ಓದುಗರ ಕಿವಿಯಲ್ಲಿ 'ಶೂನ್ಯ', 'ಬಯಲು' ಎಂಬ ಮಾತುಗಳಿಗೆ ವಚನಕಾರರು ಕೊಟ್ಟ ತೂಕ ಆಗಲೇ ಇದೆ. ಅಲ್ಲಮನಲ್ಲಿ ಬಯಲು ಬಯಲಾಗುವುದು ಒಂದು ಅನುಭಾವದ ನಿಲುವು. ನಾಗಾರ್ಜುನರ ಶೂನ್ಯತೆ ಬೆರೆಯುವ ತಾಣವಲ್ಲ. ಯಾವ ವಸ್ತುವೂ ತನ್ನಷ್ಟಕ್ಕೆ ತಾನೇ ನಿಂತದ್ದಲ್ಲ, ಕಾರಣಗಳನ್ನು ಅವಲಂಬಿಸಿಯೇ ಇದೆ ಎಂಬುದು ಅದರ ಅರ್ಥ. ಶೂನ್ಯತೆಯೂ ಸ್ವಭಾವಶೂನ್ಯವೇ. 'ತೊಂಗ್‌ಪ ಞಿ'ಗೆ 'ಬಯಲು' ಎಂದು ಹಾಕಿದರೆ ಸಾಲು ಚೆಂದವಾಗುತ್ತದೆ, ಆದರೆ ಅರ್ಥ ಅಲ್ಲಮನ ಕಡೆ ಹೊರಟುಹೋಗುತ್ತದೆ. 'ಖಾಲಿತನ' ಎಂದರೆ ಇನ್ನೂ ಕೆಟ್ಟಿತು. 'ಶೂನ್ಯತೆ' ಎಂದೇ ಇಟ್ಟು, ಮೊದಲ ಸಲ ಬಂದಲ್ಲಿ ಎರಡು ಸಾಲು ಟಿಪ್ಪಣಿ ಕೊಡಿ. ಇನ್ನು ಕೆಲವು ಕಡೆ ಟಿಬೆಟನ್ ಪದವೇ ನಮಗೆ ಹೊಸ ಬೆಳಕು ಕೊಡುತ್ತದೆ. ಕರುಣೆಗೆ ಅವರು 'ಞಿಂಜೆ' ಎನ್ನುತ್ತಾರೆ. 'ಞಿಂಗ್' ಎಂದರೆ ಹೃದಯ, 'ಜೆ' ಎಂದರೆ ಒಡೆಯ. ಅನುವಾದದಲ್ಲಿ ಕರುಣೆ ಎಂದೇ ಇರಲಿ, ಈ ಬಿಡಿಸಿಕೆ ಟಿಪ್ಪಣಿಯಲ್ಲಿ ಬರಲಿ.

ಒಬ್ಬರೇ ಕೂತು ಮಾಡಬೇಡಿ. ಹಳೆಯ ಗ್ರಂಥಗಳ ಕೊನೆಯ ಬರಹ ಓದಿದರೆ ಅಲ್ಲಿ ಭಾರತದ ಒಬ್ಬ ಪಂಡಿತನ ಹೆಸರು, ಟಿಬೆಟಿನ ಒಬ್ಬ ಲೋತ್ಸಾವನ ಹೆಸರು ಜೋಡಿಯಾಗಿ ಕಾಣುತ್ತವೆ. ಲೋತ್ಸಾವ ಎಂದರೆ ಅನುವಾದಕ. ಆ ಜೋಡಿ ಪದ್ಧತಿಯೇ ಸರಿ: ಅರ್ಥಕ್ಕೆ ಒಬ್ಬ ಗೆಶೆ, ವಾಕ್ಯಕ್ಕೆ ನೀವು. ದಿನಕ್ಕೆ ನಾಲ್ಕು ಪದ್ಯಕ್ಕಿಂತ ಹೆಚ್ಚು ಎತ್ತಿಕೊಳ್ಳಬೇಡಿ. ಒಂದು ಸಲ ಆರಿಸಿದ ಪದವನ್ನು ಪಟ್ಟಿಯಲ್ಲಿ ಬರೆದು, ಕೊನೆಯ ತನಕ ಅದನ್ನೇ ಬಳಸಿ. ಹೆಸರುಗಳನ್ನು ಉಚ್ಚಾರದಂತೆ ಬರೆಯಬೇಕೋ ಅಕ್ಷರದಂತೆ ಬರೆಯಬೇಕೋ ಎಂದು ಮೊದಲೇ ತೀರ್ಮಾನಿಸಿ. ನಡುವೆ ಬದಲಾಯಿಸಿದರೆ ಒಬ್ಬನೇ ಆಚಾರ್ಯ ಇಬ್ಬರಾಗುತ್ತಾನೆ. ಮೊದಲ ಕೃತಿಯಾಗಿ ಸುಹೃಲ್ಲೇಖವನ್ನೇ ಎತ್ತಿಕೊಳ್ಳಿ ಎಂಬುದು ನಮ್ಮ ಸಲಹೆ. ಗಾತ್ರ ಚಿಕ್ಕದು, ಮಾತು ಗೃಹಸ್ಥನಿಗೆ ಹೇಳಿದ್ದು.

ತಂತ್ರದ ಗ್ರಂಥಗಳನ್ನು ಮುಟ್ಟಬೇಡಿ. ಅವುಗಳಿಗೆ ಅಭಿಷೇಕ, ಮೂಲ ಪಾಠದ ಶ್ರವಣ, ಗುರುವಿನ ವಿವರಣೆ ಮೂರೂ ಬೇಕು. ಟಿಬೆಟನ್ನರು ಇವನ್ನು ವಾಂಗ್, ಲುಂಗ್, ತ್ರಿ ಎನ್ನುತ್ತಾರೆ. ಪರಂಪರೆಯವರು ಮುಚ್ಚಿಟ್ಟದ್ದನ್ನು ಕೇಳದೆ ಅಚ್ಚು ಹಾಕುವುದು ಸಂಸ್ಕೃತಿ ಉಳಿಸುವ ಕೆಲಸವಲ್ಲ. ಕ್ರಮವಾದ ವ್ಯಾಸಂಗ ಬೇಕೆಂದರೆ 1967ರಲ್ಲಿ ಶುರುವಾದ ಸಾರನಾಥದ ಉನ್ನತ ಟಿಬೆಟನ್ ಅಧ್ಯಯನ ಸಂಸ್ಥೆಯಿದೆ, 1970ರಿಂದ ಧರ್ಮಶಾಲೆಯಲ್ಲಿರುವ ಟಿಬೆಟನ್ ಗ್ರಂಥಾಲಯವಿದೆ. ಕಳೆದುಹೋದ ಸಂಸ್ಕೃತ ಕೃತಿಗಳನ್ನು ಟಿಬೆಟನ್ನಿನಿಂದ ಮರಳಿ ಸಂಸ್ಕೃತಕ್ಕೆ ತರುವ ಕೆಲಸವೂ ಸಾರನಾಥದಲ್ಲಿ ನಡೆದಿದೆ.

ನಮ್ಮ ಕಾಲೇಜು ಗ್ರಂಥಾಲಯಕ್ಕೆ ಉದ್ದನೆಯ ಬಿಡಿ ಹಾಳೆಗಳ ಟಿಬೆಟನ್ ಪುಸ್ತಕದ ಕಟ್ಟುಗಳು ದಾನವಾಗಿ ಬಂದಿವೆ. ಬೈಂಡ್ ಮಾಡಿಸಬಹುದೇ? ಸ್ಕ್ಯಾನ್ ಮಾಡಬೇಕೆಂದಿದ್ದೇವೆ.
— ಗ್ರಂಥಪಾಲಕರು, ಬೀದರ್

ಬೈಂಡಿಂಗ್, ಪಂಚಿಂಗ್, ಲ್ಯಾಮಿನೇಶನ್ ಯಾವುದೂ ಬೇಡ. ಇವು ಪೇಚಾ, ನಮ್ಮ ತಾಡವೋಲೆಯ ಆಕಾರವನ್ನೇ ಕಾಗದಕ್ಕೆ ತಂದದ್ದು. ಬಿಡಿಯಾಗಿ ಇರಬೇಕೆಂದೇ ಮಾಡಿದ್ದು. ಓದುವವನು ಒಂದೊಂದು ಹಾಳೆ ಎತ್ತಿ ಮಗುಚಿ ಮುಂದೆ ಇಡುತ್ತಾನೆ.

ಕಟ್ಟು ಬಿಚ್ಚುವ ಮೊದಲೇ ಫೋಟೋ ತೆಗೆದುಕೊಳ್ಳಿ. ಹಾಳೆಯ ಮುಂಬದಿಯ ಎಡ ಅಂಚಿನಲ್ಲಿ ಸಣ್ಣ ಬರಹವಿರುತ್ತದೆ. ಅದರಲ್ಲಿ ಸಂಪುಟದ ಗುರುತು ಕ, ಖ, ಗ ಎಂದು ಅಕ್ಷರದಲ್ಲಿ, ಹಾಳೆಯ ಸಂಖ್ಯೆ ಸಾಮಾನ್ಯವಾಗಿ ಅಂಕೆಯಲ್ಲಲ್ಲ, ಪದದಲ್ಲಿ ಇರುತ್ತದೆ. 30 ಅಕ್ಷರ ಮುಗಿದ ಮೇಲೆ ಕಿ, ಖಿ, ಗಿ ಎಂದು ಎಣಿಕೆ ಮುಂದುವರಿಯುತ್ತದೆ. ಒಂದರಿಂದ ನೂರರ ಪದಗಳನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲಿಟ್ಟುಕೊಂಡರೆ ಟಿಬೆಟನ್ ಬಾರದ ಸಹಾಯಕರೂ ಕ್ರಮ ತಪ್ಪದೆ ಜೋಡಿಸಬಹುದು. ಕಟ್ಟು ಕೈಜಾರಿ ನೆಲಕ್ಕೆ ಬಿದ್ದು ಎರಡು ಸಂಪುಟ ಬೆರೆತುಹೋಗುವುದೇ ಎಲ್ಲಕ್ಕಿಂತ ಸಾಮಾನ್ಯವಾದ ಅನಾಹುತ. ಒಂದು ಹೊತ್ತಿಗೆ ಒಂದೇ ಕಟ್ಟು ಬಿಚ್ಚಿ.

ಸ್ಕ್ಯಾನಿಂಗಿನಲ್ಲಿ ಆಗುವ ದೊಡ್ಡ ತಪ್ಪು ಕಪ್ಪು-ಬಿಳುಪು ಮಾಡುವುದು. ಶೀರ್ಷಿಕೆ, ಅಧ್ಯಾಯದ ಆರಂಭಗಳನ್ನು ಕೆಂಪಿನಲ್ಲಿ ಅಚ್ಚು ಹಾಕಿರಬಹುದು. ಕಪ್ಪು-ಬಿಳುಪಿನಲ್ಲಿ ಅವು ಮಾಯವಾಗುತ್ತವೆ. ಬಣ್ಣದಲ್ಲೇ, 400 ಡಿಪಿಐನಲ್ಲಿ, ಅಂಚು ಪೂರ್ತಿ ಕಾಣುವಂತೆ ತೆಗೆಯಿರಿ. ಅಂಚು ಕತ್ತರಿಸಿದರೆ ಹಾಳೆಯ ಸಂಖ್ಯೆಯೇ ಹೋಯಿತು. ಸಾಮಾನ್ಯ ಸ್ಕ್ಯಾನರಿಗೆ ಉದ್ದ ಸಾಲದಿದ್ದರೆ ಹಾಳೆ ಮಡಚಬೇಡಿ. ಮೇಲಿನಿಂದ ಕ್ಯಾಮೆರಾ ಕಟ್ಟಿ, ಎರಡೂ ಪಕ್ಕದಿಂದ 45 ಡಿಗ್ರಿಗೆ ದೀಪ ಇಟ್ಟು ಫೋಟೋ ತೆಗೆಯಿರಿ. ಕಡತದ ಹೆಸರು ಸಂಪುಟ, ಹಾಳೆ, ಬದಿ ಎಂಬ ಕ್ರಮದಲ್ಲಿರಲಿ. 12ನೇ ಹಾಳೆಯ ಮುಂಬದಿಗೆ 012ಎ, ಹಿಂಬದಿಗೆ 012ಬಿ. ಖಾಲಿ ಬದಿಯನ್ನೂ ಬಿಡದೆ ತೆಗೆಯಿರಿ. ಬಿಟ್ಟರೆ ಮುಂದೆ ಓದುವವರಿಗೆ ಅದು ಖಾಲಿಯಿತ್ತೋ ತಪ್ಪಿತೋ ತಿಳಿಯದು. ಶುರು ಮಾಡುವ ಮೊದಲು ಅದೇ ಮುದ್ರಣ ಆಗಲೇ ಸ್ಕ್ಯಾನ್ ಆಗಿದೆಯೇ ನೋಡಿ. ಜೀನ್ ಸ್ಮಿತ್ ಎಂಬ ವಿದ್ವಾಂಸರು 1999ರಲ್ಲಿ ಹುಟ್ಟುಹಾಕಿದ ಬೌದ್ಧ ಡಿಜಿಟಲ್ ಸಂಪನ್ಮೂಲ ಕೇಂದ್ರದಲ್ಲಿ ಟಿಬೆಟನ್ ಗ್ರಂಥಗಳ ಬಹುದೊಡ್ಡ ಸಂಗ್ರಹವಿದೆ. ಅಲ್ಲಿಲ್ಲದ ಒಂದು ಕಟ್ಟು ನಿಮ್ಮಲ್ಲಿದ್ದರೆ ಶ್ರಮವೆಲ್ಲ ಅದಕ್ಕೇ ಹೋಗಲಿ. ಪಠ್ಯವನ್ನು ಟೈಪ್ ಮಾಡುವುದಾದರೆ ಯೂನಿಕೋಡಿನಲ್ಲೇ ಮಾಡಿ. ಹಳೆಯ ಫಾಂಟಿನಲ್ಲಿ ಮಾಡಿದ ಕನ್ನಡ ಕಡತಗಳು ಇಂದು ತೆರೆಯದೆ ಪಟ್ಟ ಪಾಡು ಇಲ್ಲಿ ಬೇಡ.

ಇಡುವುದು ಎರಡು ಮರದ ಹಲಗೆಗಳ ನಡುವೆ, ಗಂಜಿಯಿಲ್ಲದ ಹತ್ತಿ ಬಟ್ಟೆಯಲ್ಲಿ ಸುತ್ತಿ. ಗಂಜಿ ಇದ್ದರೆ ಬೆಳ್ಳಿಹುಳಕ್ಕೆ ಅದೇ ಊಟ. ನೆಲದ ಮೇಲೆ ಇಡುವುದು, ದಾಟುವುದು, ಎಂಜಲು ಬೆರಳಿಂದ ಹಾಳೆ ತಿರುವುವುದು ಟಿಬೆಟನ್ನರಲ್ಲಿ ದೊಡ್ಡ ಅಪಚಾರ. ಬುದ್ಧನ ಮಾತು ಇರುವ ಹಾಳೆಯನ್ನು ಅವರು ತಲೆಗೆ ಮುಟ್ಟಿಸಿಕೊಂಡೇ ಒಳಗಿಡುತ್ತಾರೆ.

ಪ್ರಾರ್ಥನಾ ಪತಾಕೆ ಬೈಕಿಗೆ, ಬಾಲ್ಕನಿಗೆ ಕಟ್ಟುವುದು ಈಗ ಫ್ಯಾಶನ್ ಆಗಿದೆ. ಬಣ್ಣಕ್ಕೆ ಕ್ರಮ ಇದೆಯೇ? ಹರಿದ ಮೇಲೆ ಏನು ಮಾಡಬೇಕು?
— ಓದುಗರು, ಬಸವಕಲ್ಯಾಣ

ಎಡದಿಂದ ನೀಲಿ, ಬಿಳಿ, ಕೆಂಪು, ಹಸಿರು, ಹಳದಿ. ಆಕಾಶ, ಗಾಳಿ, ಬೆಂಕಿ, ನೀರು, ಭೂಮಿ: ನಮ್ಮ ಪಂಚಭೂತಗಳೇ. ಮೇಲೆ ಅಚ್ಚಾಗಿರುವುದು ಮಂತ್ರ, ನಡುವೆ ಸಾಮಾನ್ಯವಾಗಿ ಲುಂಗ್‌ತಾ ಎಂಬ ಗಾಳಿಕುದುರೆ. ಎತ್ತರದಲ್ಲಿ, ಗಾಳಿ ಆಡುವಲ್ಲಿ ಕಟ್ಟಿ. ಹಗ್ಗ ಬಿಗಿಯಾದರೆ ಮೊದಲ ಬಿರುಗಾಳಿಗೇ ಹೊಲಿಗೆ ಕಿತ್ತು ಬರುತ್ತದೆ, ತುಸು ಜೋಲು ಬಿಡಿ. ಹತ್ತಿಯದೇ ಕೊಳ್ಳಿ. ಅದು ಬಣ್ಣ ಮಾಸಿ ಎಳೆ ಎಳೆಯಾಗಿ ಗಾಳಿಗೆ ಸೇರುವುದೇ ಸರಿ, ಮಾಸಿತೆಂದು ಬೇಸರಪಡಬೇಕಿಲ್ಲ. ಹಳತನ್ನು ಕಸದ ಬುಟ್ಟಿಗೆ ಹಾಕದೆ ಶುಚಿಯಾದ ಜಾಗದಲ್ಲಿ ಸುಡಬೇಕು. ಪಾಲಿಯೆಸ್ಟರ್ ಪತಾಕೆಯನ್ನು ಹಾಗೆ ಸುಟ್ಟರೆ ವಿಷದ ಹೊಗೆ. ಕೋಟೆ, ಹಳೆಯ ಸ್ಮಾರಕಗಳಿಗೆ, ವಿದ್ಯುತ್ ಕಂಬಗಳಿಗೆ ಕಟ್ಟಬೇಡಿ. ಬೈಕಿನ ಮಾತಿಗೆ ಬಂದರೆ, ಚಕ್ರದ ಹತ್ತಿರ ಕೆಸರು ಸಿಡಿಯುವಲ್ಲಿ ಬುದ್ಧವಚನ ಕಟ್ಟುವುದನ್ನು ನಾವು ಒಪ್ಪುವುದಿಲ್ಲ.

ಹೈಸ್ಕೂಲ್ ಮಕ್ಕಳನ್ನು ಮುಂಡಗೋಡಕ್ಕೆ ಕರೆದೊಯ್ಯುವ ವಿಚಾರವಿದೆ. ಬರೀ ದೇವಸ್ಥಾನ ನೋಡಿ ಬಂದಂತೆ ಆಗಬಾರದು. ಏನು ತೋರಿಸಬೇಕು, ಮೊದಲೇ ಏನು ಹೇಳಿಕೊಡಬೇಕು?
— ಶಿಕ್ಷಕಿ, ಶಹಾಪುರ

ಹುಬ್ಬಳ್ಳಿ ತನಕ ಹೋದರೆ ಅಲ್ಲಿಂದ ಮುಂಡಗೋಡ ಸುಮಾರು 50 ಕಿಲೋಮೀಟರ್. ಭಾರತೀಯರಿಗೆ ವಿಶೇಷ ಪರವಾನಗಿ ಬೇಡ. ಗುಂಪಿನಲ್ಲಿ ವಿದೇಶಿಯರಿದ್ದು ಅಲ್ಲಿ ಉಳಿಯುವುದಾದರೆ ಕೇಂದ್ರ ಗೃಹ ಸಚಿವಾಲಯದ ಪರವಾನಗಿಯನ್ನು ಮುಂಚೆಯೇ ಪಡೆಯಬೇಕು. ವಿಹಾರದ ಕಚೇರಿಗೆ ಮೊದಲೇ ತಿಳಿಸಿ, ಚರ್ಚೆ ನಡೆಯುವ ಹೊತ್ತು ಕೇಳಿಕೊಂಡು ಹೋಗಿ. ಕಟ್ಟಡ ನೋಡುವುದಕ್ಕಿಂತ ಚರ್ಚೆಯ ಅಂಗಳ ನೋಡಬೇಕು.

ಕುಳಿತವನು ಉತ್ತರಿಸುವವನು, ನಿಂತವನು ಪ್ರಶ್ನಿಸುವವನು. ನಿಂತವನು 'ಧೀಃ' ಎಂದು ಮಂಜುಶ್ರೀಯ ಬೀಜಾಕ್ಷರದಿಂದ ಆರಂಭಿಸಿ, ಪ್ರಶ್ನೆ ಮುಗಿಯುವಾಗ ಎಡಗಾಲು ಅಪ್ಪಳಿಸಿ ಬಲಗೈಯನ್ನು ಎಡಗೈಗೆ ಬಡಿಯುತ್ತಾನೆ. ಮೊದಲ ಸಲ ನೋಡುವ ಮಕ್ಕಳು ಜಗಳ ಎಂದುಕೊಳ್ಳುತ್ತಾರೆ. ಕುಳಿತವನಿಗೆ ಮನಬಂದಂತೆ ಭಾಷಣ ಮಾಡುವ ಹಾಗಿಲ್ಲ, ಕಟ್ಟಿಕೊಟ್ಟ ಉತ್ತರಗಳಿವೆ. 'ದೋ' ಎಂದರೆ ಒಪ್ಪಿದೆ. 'ಚೀಚಿರ್' ಎಂದರೆ ಯಾಕೆ, ಕಾರಣ ಹೇಳು. 'ತಾಕ್ ಮ ಡ್ರುಪ್' ಎಂದರೆ ನೀನು ಕೊಟ್ಟ ಹೇತು ಸಿದ್ಧವಾಗಿಲ್ಲ. 'ಕ್ಯಾಪ್ಪ ಮ ಜುಂಗ್' ಎಂದರೆ ವ್ಯಾಪ್ತಿಯಿಲ್ಲ, ಆ ಹೇತುವಿನಿಂದ ಈ ತೀರ್ಮಾನ ಬರುವುದಿಲ್ಲ.

ಹೊರಡುವ ಮೊದಲು ಇದನ್ನು ತರಗತಿಯಲ್ಲಿ ಆಡಿಸಿ. ಎಳೆಯ ಭಿಕ್ಷುಗಳ ಮೊದಲ ಪಾಠ ಬಣ್ಣದ್ದು: 'ಬಣ್ಣವಾದದ್ದೆಲ್ಲ ಕೆಂಪೇ?' ಹೌದು ಎಂದರೆ ಬಿಳಿ ಶಂಖದ ಬಣ್ಣವನ್ನು ಮುಂದಿಡುತ್ತಾರೆ. ನೀವು ಬಿದರಿ ಹೂಜಿ ತೋರಿಸಿ: 'ಬಿದರಿಯ ಕಪ್ಪು ಕೆಂಪೇ? ಬಣ್ಣವಾದ್ದರಿಂದ.' ಮಗು 'ಒಪ್ಪಿದೆ' ಎಂದರೆ ಕಣ್ಣೆದುರಿನದಕ್ಕೇ ವಿರೋಧ. 'ಹೇತು ಸಿದ್ಧವಿಲ್ಲ' ಎಂದರೆ ಕಪ್ಪು ಬಣ್ಣವೇ ಅಲ್ಲ ಎಂದಂತೆ. ಉಳಿಯುವುದು 'ವ್ಯಾಪ್ತಿಯಿಲ್ಲ' ಒಂದೇ, ಅಂದರೆ ಮೊದಲು ಹೇಳಿದ ಮಾತನ್ನು ಹಿಂದೆಗೆದುಕೊಳ್ಳಬೇಕು. ಅರ್ಧ ಗಂಟೆಯಲ್ಲಿ ಏಳನೆಯ ತರಗತಿಯ ಮಕ್ಕಳಿಗೂ ಬರುತ್ತದೆ. ಹೆಣ್ಣುಮಕ್ಕಳಿಗೆ ಇನ್ನೊಂದು ಸಂಗತಿ ತಪ್ಪದೆ ಹೇಳಿ: ಶತಮಾನಗಳ ಕಾಲ ಭಿಕ್ಷುಗಳಿಗೆ ಮಾತ್ರ ಇದ್ದ ಈ ಉನ್ನತ ಪದವಿಯನ್ನು 2016ರಲ್ಲಿ 20 ಭಿಕ್ಷುಣಿಯರು ಗೆಶೆಮಾ ಎಂಬ ಹೆಸರಿನಲ್ಲಿ ಪಡೆದರು. ದಲೈ ಲಾಮಾ ಅವರು ಪದವಿ ಪ್ರದಾನ ಮಾಡಿದ್ದು ಇದೇ ಮುಂಡಗೋಡದಲ್ಲಿ.

ಉಳಿದ ಕಟ್ಟಳೆಗಳು ನಮ್ಮವಂಥವೇ. ಚಪ್ಪಲಿ, ಟೋಪಿ ಹೊರಗೆ, ಪ್ರದಕ್ಷಿಣೆ ಬಲಕ್ಕೆ, ಬುದ್ಧನ ಕಡೆ ಕಾಲು ಚಾಚಬಾರದು, ಪೂಜೆಯ ನಡುವೆ ಫೋಟೋಗೆ ಕೇಳಿಯೇ ಕೈ ಹಾಕಬೇಕು. ಎಳೆಯ ಭಿಕ್ಷುಗಳ ತಲೆ ನೇವರಿಸಬೇಡಿ ಎಂದು ಮಕ್ಕಳಿಗಿಂತ ಜೊತೆಗೆ ಬರುವ ದೊಡ್ಡವರಿಗೆ ಹೇಳಬೇಕು.

ನಾವು ಕಲಬುರಗಿ ಬುದ್ಧ ವಿಹಾರಕ್ಕೆ ಹೋಗುವವರು, ಪಾಲಿಯಲ್ಲಿ ತ್ರಿಸರಣ ಹೇಳುವವರು. ಟಿಬೆಟಿನವರು ನಾಲ್ಕು ಶರಣು ಹೇಳುತ್ತಾರಂತೆ. ಇದು ಬೇರೆ ಧರ್ಮವೇ?
— ಓದುಗರು, ಕಲಬುರಗಿ

ಬೇರೆ ಧರ್ಮವಲ್ಲ. ಬುದ್ಧ, ಧರ್ಮ, ಸಂಘ ಮೂರೂ ಅವರಿಗೂ ಶರಣೇ. ಆ ಮೂರನ್ನೂ ತೋರಿಸಿಕೊಟ್ಟವನು ಎಂದು ಗುರುವನ್ನು ಮೊದಲು ನೆನೆಯುತ್ತಾರೆ, ಅಷ್ಟೇ. ವಿನಯದಲ್ಲಿ ವ್ಯತ್ಯಾಸವಿದೆ: ಅವರದು ಮೂಲಸರ್ವಾಸ್ತಿವಾದ ಪರಂಪರೆ, ಪಾಲಿಯದು ಥೇರವಾದ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ ದೀಕ್ಷೆ ಮತ್ತು 22 ಪ್ರತಿಜ್ಞೆಗಳು ನಿಮ್ಮ ದಾರಿಯ ಬುನಾದಿ. ಅದನ್ನು ಬಿಟ್ಟು ಟಿಬೆಟಿನ ವಿಧಿ ಹಿಡಿಯಿರಿ ಎಂದು ಯಾವ ಲಾಮಾ ಕೂಡ ಹೇಳಬೇಕಿಲ್ಲ, ನೀವು ಒಪ್ಪಬೇಕಿಲ್ಲ. ವಂದನೆಯಲ್ಲಿ ಎರಡನ್ನೂ ಬೆರೆಸದೆ ಪಾಲಿಯನ್ನು ಪಾಲಿಯಾಗಿಯೇ ಹೇಳಿ. ಕೂಡಬೇಕಾದ ಜಾಗ ಅಧ್ಯಯನ. ಭಾನುವಾರದ ಧಮ್ಮ ತರಗತಿಯಲ್ಲಿ ಧಮ್ಮಪದದ ಕ್ರೋಧವರ್ಗ ಓದಿದ ವಾರವೇ ಶಾಂತಿದೇವನ ಬೋಧಿಚರ್ಯಾವತಾರದ ಆರನೆಯ ಅಧ್ಯಾಯ, ಕ್ಷಾಂತಿಯ ಅಧ್ಯಾಯ ಓದಿ. ಸಿಟ್ಟಿನ ಬಗ್ಗೆ ಎರಡು ಪರಂಪರೆಗಳು ಮಾತಾಡಿಕೊಂಡಂತೆ ಕೇಳುತ್ತದೆ.

ಚಳಿಗಾಲದಾಗ ಸ್ವೆಟರ್ ಮಾರಾಕ ಟಿಬೆಟಿನವರು ಬರ್ತಾರ. ಅವರ ಕೂಡ ಅವರ ಭಾಷಾದಾಗ ನಾಕು ಮಾತಾಡಬೇಕು ಅನಸ್ತದ. ಏನಂತ ಕರೀಬೇಕ್ರಿ?
— ಕಾಲೇಜು ವಿದ್ಯಾರ್ಥಿನಿ, ಯಾದಗಿರಿ

ನಮಸ್ಕಾರಕ್ಕೆ 'ತಾಶಿ ದೆಲೆಕ್'. ಉಪಕಾರ ನೆನೆಯಲು 'ತುಕ್‌ಜೆ ಛೆ'. ಹೆಸರಿನ ಕೊನೆಗೆ 'ಲಾ' ಸೇರಿಸಿದರೆ ಮರ್ಯಾದೆ. ನಿಮ್ಮ ಕಡೆ ಮಾತಿನ ಕೊನೆಗೆ 'ರೀ' ಹಚ್ಚಿದಂತೆಯೇ. ತಾಯಿಯ ವಯಸ್ಸಿನವರಿಗೆ 'ಆಮಾ-ಲಾ', ತಂದೆಯ ವಯಸ್ಸಿನವರಿಗೆ 'ಪಾ-ಲಾ', ಅಜ್ಜ ಅಜ್ಜಿಯರಿಗೆ 'ಪೋ-ಲಾ', 'ಮೋ-ಲಾ'. ನೇಪಾಳದವರಾ, ಚೀನಾದವರಾ ಎಂದು ಕೇಳಬೇಡಿ. ದೇಶ ಬಿಟ್ಟು ಬಂದವರಿಗೆ ಆ ಮಾತು ನೋಯಿಸುತ್ತದೆ. ಯಾವ ಕ್ಯಾಂಪಿನವರು ಎಂದು ಕೇಳಿ. ಬೈಲಕುಪ್ಪೆ, ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯ ಇವುಗಳಲ್ಲಿ ಒಂದಾಗಿದ್ದರೆ ಅವರು ನಿಮಗೆ ಕನ್ನಡದಲ್ಲೇ ಉತ್ತರಿಸಬಹುದು. ಅಕ್ಷರ ಕಲಿಯುವ ಮನಸ್ಸಿದ್ದರೆ ಒಂದು ನೋಟ್‌ಬುಕ್ ಹಿಡಿದು ಮಧ್ಯಾಹ್ನ ಗಿರಾಕಿ ಕಡಿಮೆಯಿರುವ ಹೊತ್ತಿಗೆ ಹೋಗಿ, ದಿನಕ್ಕೆ ನಾಲ್ಕು ಅಕ್ಷರ ಬರೆಸಿಕೊಳ್ಳಿ. 30 ಅಕ್ಷರಕ್ಕೆ ಎಂಟು ದಿನ ಸಾಕು. ತಡ ಮಾಡಬೇಡಿ, ಅವರ ಹೊಸ ವರ್ಷ ಲೋಸಾರ್ ಸಾಮಾನ್ಯವಾಗಿ ಫೆಬ್ರುವರಿ ಇಲ್ಲವೇ ಮಾರ್ಚಿನಲ್ಲಿ ಬರುತ್ತದೆ, ಅದಕ್ಕೆ ಮೊದಲೇ ಅಂಗಡಿ ಕಟ್ಟಿಕೊಂಡು ಊರಿಗೆ ಹೊರಡುತ್ತಾರೆ.